ಶಾಸನದಿಂದ ಪಹಣಿಯವರೆಗೆ: ಮನೆಶಾಲೆಯಲ್ಲಿ ಚರಿತ್ರೆಯ ಕಾಲಹಂಚಿಕೆ



ಕಲಿಕೆಗಾಗಿ ಹಣ ಮೀಸಲಿಟ್ಟು, ವರ್ಷಕ್ಕೊಮ್ಮೆ ಹೀಗೆ ಕೂತು ಯೋಚಿಸಿ ಎಂದು ಹೇಳಿಹೋದ ಹಿರಿಯರನ್ನು ಮೊದಲು ನೆನೆಯುತ್ತೇನೆ. ಅವರ ಹೆಸರಿನ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ. ನಾನು ಮೂರು ದಶಕ ಶಾಲೆಯಲ್ಲಿ ಚರಿತ್ರೆ ಕಲಿಸಿದವನು. ನಿವೃತ್ತಿಯ ಬಳಿಕ, ಸಾಗರದ ನಮ್ಮ ಮನೆಯಲ್ಲಿ, ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಇಬ್ಬರು ಮೊಮ್ಮಕ್ಕಳಿಗೆ ಅದೇ ವಿಷಯವನ್ನು ಕಲಿಸುತ್ತಿದ್ದೇನೆ. ಶಾಲೆಯಲ್ಲಿ ನನಗೆ ಹೊಳೆಯದ ಒಂದು ಪ್ರಶ್ನೆ ಮನೆಯಲ್ಲಿ ಎದುರಾಯಿತು. ಅದನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಮನೆಪಾಠ ಎಂದರೆ ಶಾಲೆ ಮುಗಿಸಿ ಬಂದ ಮಗುವಿಗೆ ಸಂಜೆ ಹೇಳಿಕೊಡುವ ಟ್ಯೂಷನ್. ನಾನು ಮಾತನಾಡುತ್ತಿರುವುದು ಹೋಮ್‌ಸ್ಕೂಲಿಂಗ್ ಕುರಿತು, ಅಂದರೆ ಮನೆಯೇ ಶಾಲೆಯಾಗಿರುವ ಕಲಿಕೆಯ ಕುರಿತು. ಅದನ್ನು ಮನೆಶಾಲೆ ಎಂದು ಕರೆಯುತ್ತೇನೆ. ಇಂಥ ಮಕ್ಕಳಲ್ಲಿ ಹಲವರು ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆ ಬರೆಯುತ್ತಾರೆ. ಅಲ್ಲಿಯವರೆಗೆ ಯಾವ ವರ್ಷ ಏನನ್ನು ಕಲಿಸಬೇಕೆಂಬ ನಿರ್ಧಾರ ತಂದೆತಾಯಿಯದೇ. ಆ ಸ್ವಾತಂತ್ರ್ಯದ ಜೊತೆಗೇ ಬರುವ ಹೊಣೆಯನ್ನು ನಾನಿಲ್ಲಿ ವಿಚಾರಿಸುತ್ತೇನೆ: ಪ್ರಾಚೀನ ಕಾಲಕ್ಕೆ ಎಷ್ಟು ದಿನ ಕೊಡಬೇಕು, ನಂತರದ ಕಾಲಗಳಿಗೆ ಎಷ್ಟು?

ಈ ಮಾತನ್ನು ನಾಲ್ಕು ಭಾಗಗಳಲ್ಲಿ ಮುಂದಿಡುತ್ತೇನೆ. ಪ್ರಾಚೀನ ಕಾಲ ವರ್ಷವನ್ನೆಲ್ಲ ಹೇಗೆ ನುಂಗುತ್ತದೆ ಎಂಬುದು ಮೊದಲನೆಯದು. ಆದರೂ ಅದನ್ನು ಕಡಿತಗೊಳಿಸಬಾರದು ಏಕೆ ಎಂಬುದು ಎರಡನೆಯದು. ನಡುವೆ ಕಳೆದುಹೋಗುವ ಶತಮಾನಗಳ ವಿಚಾರ ಮೂರನೆಯದು. ಕೊನೆಯದು ನಮ್ಮ ಅಜ್ಜ ಅಜ್ಜಿಯರ ಕಾಲ, ಮತ್ತು ಅದರೊಂದಿಗೆ ನನಗೆ ಸರಿಕಂಡ ಒಂದು ಕ್ರಮ.

ಮೊದಲ ಭಾಗಕ್ಕೆ ಬರೋಣ. ಮನೆಶಾಲೆಯ ಪೋಷಕರಲ್ಲಿ ಬಹುಮಂದಿಗೆ ಗೊತ್ತಿರುವ ಒಂದು ಪುಸ್ತಕವಿದೆ: ಜೆಸ್ಸಿ ವೈಸ್ ಮತ್ತು ಅವರ ಮಗಳು ಸೂಸಾನ್ ವೈಸ್ ಬಾಯರ್ ಬರೆದ, 1999ರಲ್ಲಿ ಪ್ರಕಟವಾದ ‘ದ ವೆಲ್ ಟ್ರೇನ್ಡ್ ಮೈಂಡ್’. ಅಮೆರಿಕದ ಮನೆಶಾಲೆಗಳಿಗಾಗಿ ಬರೆದ ಆ ಪುಸ್ತಕ ಚರಿತ್ರೆಯನ್ನು ನಾಲ್ಕು ವರ್ಷಗಳ ಸುತ್ತಾಗಿ ಹಂಚುತ್ತದೆ. ಮೊದಲ ವರ್ಷ ಕ್ರಿ.ಪೂ. 5000ದಿಂದ ಕ್ರಿ.ಶ. 400ರವರೆಗೆ. ಎರಡನೆಯ ವರ್ಷ 1600ರವರೆಗೆ. ಮೂರನೆಯದು 1850ರವರೆಗೆ. ನಾಲ್ಕನೆಯದು ಅಲ್ಲಿಂದ ಇಂದಿನವರೆಗೆ. ಮಗು ಶಾಲೆಯ ಹನ್ನೆರಡು ವರ್ಷಗಳಲ್ಲಿ ಈ ಸುತ್ತನ್ನು ಮೂರು ಬಾರಿ ಹಾದುಹೋಗುತ್ತದೆ. ಪ್ರತಿ ಸಲವೂ ಹೆಚ್ಚು ಆಳಕ್ಕೆ ಇಳಿಯುತ್ತದೆ.

ಈ ಹಂಚಿಕೆಯಲ್ಲಿ ವಿವೇಕವಿದೆ. 5,400 ವರ್ಷಗಳಿಗೂ ಒಂದೇ ವರ್ಷ, ಕೊನೆಯ ಒಂದೂಮುಕ್ಕಾಲು ಶತಮಾನಕ್ಕೂ ಒಂದು ಪೂರ್ತಿ ವರ್ಷ. ಆದರೆ ಅದನ್ನು ಹಾಗೇ ಎತ್ತಿ ನಮ್ಮ ಮನೆಗೆ ತಂದರೆ ಗೆರೆಗಳು ಬೇರೆಡೆ ಬೀಳುತ್ತವೆ. ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳುತ್ತೇವೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಾಸನ 578ರದು. ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಐಹೊಳೆ ಶಾಸನ 634ರದು. ನಾವು ಪ್ರಾಚೀನ ಕರ್ನಾಟಕ ಎನ್ನುವ ಇವೆಲ್ಲವೂ ಆ ಹಂಚಿಕೆಯಲ್ಲಿ ಎರಡನೆಯ ವರ್ಷಕ್ಕೆ ಸರಿದುಬಿಡುತ್ತವೆ. ಕನ್ನಡ ಬರವಣಿಗೆ ಶುರುವಾಗುವ ಹೊತ್ತಿಗೆ ಅವರ ಪ್ರಾಚೀನ ಕಾಲ ಮುಗಿಯುತ್ತ ಬಂದಿರುತ್ತದೆ. ಆದ್ದರಿಂದ ಬೇರೆಯವರ ಕಾಲಪಟ್ಟಿಯನ್ನು ಮಾದರಿಯಾಗಿ ನೋಡಬಹುದು. ಗೆರೆಗಳನ್ನು ನಮ್ಮ ಆಕರಗಳನ್ನು ನೋಡಿ ನಾವೇ ಎಳೆದುಕೊಳ್ಳಬೇಕು.

ನಾನು ಹಾಗೆ ಮಾಡಲಿಲ್ಲ. ಮೊದಲ ವರ್ಷ ಜೂನ್‌ನಲ್ಲಿ ಹರಪ್ಪದಿಂದ ಆರಂಭಿಸಿದೆ. ಮಕ್ಕಳು ಮಣ್ಣಿನಲ್ಲಿ ಮುದ್ರೆ ಮಾಡಿದರು, ಬ್ರಾಹ್ಮಿ ಅಕ್ಷರದಲ್ಲಿ ತಮ್ಮ ಹೆಸರು ಬರೆದರು, ಬಾದಾಮಿಯ ಗುಹೆಗಳ ಚಿತ್ರ ಬಿಡಿಸಿದರು. ಅವರ ಸಂತೋಷ ನೋಡಿ ನಾನೂ ಹಿಗ್ಗಿದೆ, ಪ್ರತಿ ಪಾಠವನ್ನೂ ಒಂದೊಂದು ವಾರ ಹಿಗ್ಗಿಸಿದೆ. ಮಾರ್ಚ್ ಬಂದಾಗ ನಾವಿನ್ನೂ ರಾಷ್ಟ್ರಕೂಟರಲ್ಲಿದ್ದೆವು. ಉಳಿದ ಸಾವಿರ ವರ್ಷಗಳನ್ನು ಮೂರು ವಾರಗಳಲ್ಲಿ ಓಡಿಸಿದೆ. ಆಗ ಎಂಟು ವರ್ಷದ ಮೊಮ್ಮಗಳು ಕೇಳಿದಳು: “ಅಜ್ಜಾ, ಅಮೋಘವರ್ಷ ಇದ್ದಾಗ ಅಮ್ಮಮ್ಮ ಎಷ್ಟು ದೊಡ್ಡವಳು?” ಅವಳ ಮನಸ್ಸಿನಲ್ಲಿ ‘ಹಿಂದೆ’ ಎಂಬುದು ಒಂದೇ ಕೋಣೆ. ಅರಸರೂ ಅಲ್ಲಿದ್ದರು, ಅವಳ ಅಜ್ಜಿಯೂ ಅಲ್ಲಿದ್ದಳು. ಒಂದು ವರ್ಷ ಚರಿತ್ರೆ ಕಲಿಸಿದ ಮೇಲೂ ಆ ಕೋಣೆಗೆ ನಾನೊಂದು ಗೋಡೆ ಕಟ್ಟಿರಲಿಲ್ಲ. ತಪ್ಪು ನನ್ನದೆಂದು ಅಂದೇ ಅರಿವಾಯಿತು.

ಮರುದಿನ ನಡುಮನೆಯ ಗೋಡೆಗೆ ಒಂದು ದಾರ ಕಟ್ಟಿದೆವು. ಶತಮಾನಕ್ಕೆ ಒಂದು ಗೇಣು, ಅಳತೆ ನನ್ನ ಕೈಯದು. ಅಶೋಕನಿಂದ ಇಂದಿನವರೆಗೆ 23 ಗೇಣು, ಸುಮಾರು 17 ಅಡಿ. ಹರಪ್ಪವನ್ನೂ ಸೇರಿಸುವುದಾದರೆ ದಾರ ಬಾಗಿಲು ದಾಟಿ ಅಂಗಳಕ್ಕೆ ಹೋಗಬೇಕು. ಹಲ್ಮಿಡಿಯಿಂದ 1565ರ ತಾಳಿಕೋಟೆ ಯುದ್ಧದವರೆಗೆ ಹನ್ನೊಂದು ಗೇಣು. ಅಲ್ಲಿಂದ ಇಂದಿಗೆ ನಾಲ್ಕೂವರೆ ಗೇಣಿಗಿಂತ ತುಸು ಹೆಚ್ಚು. ಕರ್ನಾಟಕ ಏಕೀಕರಣವಾದ 1956ರಿಂದ ಇಂದಿಗೆ ಒಂದು ಗೇಣೂ ಇಲ್ಲ. ಅಮ್ಮಮ್ಮನ ಬದುಕೆಲ್ಲ ಆ ಕೊನೆಯ ಗೇಣಿನೊಳಗಿದೆ ಎಂದು ಕೈಯಿಟ್ಟು ತೋರಿಸಿದಾಗ ಮಗು ಬಹಳ ಹೊತ್ತು ಆ ದಾರವನ್ನೇ ನೋಡುತ್ತ ನಿಂತಿತ್ತು.

ದಾರ ನನಗೂ ಒಂದು ಪಾಠ ಹೇಳಿತು. ಉದ್ದ ನೋಡಿ ಹಂಚಿದರೆ ಪ್ರಾಚೀನ ಕಾಲಕ್ಕೇ ಹೆಚ್ಚಿನ ಪಾಲು. ಆಕರಗಳ ರಾಶಿ ನೋಡಿ ಹಂಚಿದರೆ ಕೊನೆಯ ಎರಡು ಗೇಣಿಗೇ ಎಲ್ಲವೂ ಹೋಗುತ್ತದೆ. ಈ ಎರಡರಲ್ಲಿ ಯಾವ ಒಂದನ್ನೇ ಹಿಡಿದರೂ ಅನ್ಯಾಯವಾಗುತ್ತದೆ. ಹಾಗಾದರೆ ಪ್ರತಿ ಕಾಲವೂ ಮಗುವಿಗೆ ಏನನ್ನು ಕೊಡಬಲ್ಲದು ಎಂದು ಕೇಳಬೇಕು. ಇದು ನಮ್ಮನ್ನು ಎರಡನೆಯ ಭಾಗಕ್ಕೆ ತರುತ್ತದೆ.

ಪ್ರಾಚೀನ ಕಾಲವನ್ನು ಕಡಿತಗೊಳಿಸಿ ಎಂದು ನಾನು ಹೇಳುವುದಿಲ್ಲ. ಬೇರೆ ಯಾವ ಕಾಲವೂ ಅಷ್ಟು ಚೆನ್ನಾಗಿ ಕಲಿಸಲಾರದ ಒಂದು ವಿದ್ಯೆ ಅಲ್ಲಿದೆ: ಸ್ವಲ್ಪ ಆಧಾರದಿಂದ ಎಚ್ಚರದ ತೀರ್ಮಾನಕ್ಕೆ ಬರುವ ವಿದ್ಯೆ. ಹಲ್ಮಿಡಿಯ ಶಾಸನ ಹದಿನಾರು ಸಾಲಿನದು. ಬಹುಕಾಲ ಅದನ್ನೇ ಕನ್ನಡದ ಮೊದಲ ಶಾಸನವೆಂದು ಕಲಿಸಿದೆವು. 2013ರಲ್ಲಿ ನಮ್ಮ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಶಾಸನ ಅದಕ್ಕೂ ಹಿಂದಿನದು, ಸುಮಾರು 370ರದು ಎಂಬ ವಾದ ಮುಂದೆ ಬಂದಿದೆ. ಕಲ್ಲು ಒಂದು ಸಿಕ್ಕರೆ ಪುಸ್ತಕದ ವಾಕ್ಯ ಬದಲಾಗಬಹುದು ಎಂಬುದನ್ನು ಹನ್ನೊಂದು ವರ್ಷದ ಹುಡುಗ ಅರಿತರೆ, ಮುಂದೆ ಯಾವ ಕಾಲದ ಬಗ್ಗೆ ಯಾರು ಏನು ಹೇಳಿದರೂ “ಆಧಾರ ಏನು?” ಎಂದು ಕೇಳುತ್ತಾನೆ.

ಆದರೆ ಇದನ್ನು ಕಲಿಸುವಾಗ ಒಂದು ಸಣ್ಣ ಬದಲಾವಣೆ ಮಾಡಿಕೊಂಡರೆ ಕಾಲದ ಸಮತೋಲ ಅರ್ಧ ಸಿಕ್ಕಂತೆ. ಪ್ರತಿಯೊಂದು ಹಳೆಯ ವಸ್ತುವಿಗೂ ಒಂದೇ ತಾರೀಖು ಇರುವುದಿಲ್ಲ. ಅದು ಹುಟ್ಟಿದ ಕಾಲ ಒಂದು, ಜನರ ನಡುವೆ ಬಾಳಿದ ಕಾಲ ಇನ್ನೊಂದು, ಚರಿತ್ರೆಕಾರರ ಕಣ್ಣಿಗೆ ಬಿದ್ದ ಕಾಲ ಮತ್ತೊಂದು. ಮಸ್ಕಿಯ ಬಂಡೆಶಾಸನ ಕ್ರಿ.ಪೂ. ಮೂರನೆಯ ಶತಮಾನದ್ದು. ಆದರೆ ಅದು ಪತ್ತೆಯಾದದ್ದು 1915ರಲ್ಲಿ, ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ. ಅದು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ನೆಲ. ದೇವಾನಾಂಪ್ರಿಯ ಎಂಬ ಬಿರುದಿನೊಂದಿಗೆ ಅಶೋಕನ ಹೆಸರೂ ಅಲ್ಲಿದ್ದುದರಿಂದ ಆ ಬಿರುದು ಯಾರದೆಂಬುದು ದೃಢವಾಯಿತು. ಇಂಥ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಪ್ರಿನ್ಸೆಪ್ ಎಂಬ ವಿದ್ವಾಂಸ ಓದಿದ್ದು 1837ರಲ್ಲಿ. ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ, ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯಿಂದ. ಅಶೋಕನ ಪಾಠ ಮಾಡುತ್ತಲೇ ಮಗು ಚಿನ್ನದ ಗಣಿ, ಸಂಸ್ಥಾನ, ಬ್ರಿಟಿಷ್ ಕಾಲದ ಸಮೀಕ್ಷೆಗಳನ್ನೆಲ್ಲ ಮುಟ್ಟಿಬರುತ್ತದೆ. ದಾರದ ಮೇಲೆ ಮಸ್ಕಿಗೆ ನಾವು ಎರಡು ಚೀಟಿ ಕಟ್ಟಿದ್ದೇವೆ, ಒಂದು ಆ ತುದಿಗೆ, ಒಂದು ಈ ತುದಿಗೆ.

ಬೆಂಗಳೂರಿನ ಪೋಷಕರು ದೂರ ಹೋಗಬೇಕಿಲ್ಲ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಎಂಟನೆಯ ಶತಮಾನದ್ದು. ಚರಂಡಿಗಾಗಿ ಅಗೆಯುವಾಗ 2018ರಲ್ಲಿ ಅದು ಮತ್ತೆ ಜನರ ಕಣ್ಣಿಗೆ ಬಿತ್ತು, ಊರಿನವರು ಕಾಪಾಡಿಕೊಂಡರು. ಬೇಗೂರಿನ ನಾಗೇಶ್ವರ ದೇವಾಲಯದ ಬಳಿಯ ಕಲ್ಲಿನಲ್ಲಿ ಬೆಂಗಳೂರು ಎಂಬ ಹೆಸರೇ ಇದೆ. ಅದು ಸುಮಾರು 890ರದು, ಕೆಂಪೇಗೌಡರು ಊರು ಕಟ್ಟಿದ 1537ಕ್ಕಿಂತ ಆರು ಶತಮಾನಗಳಿಗೂ ಹಿಂದಿನದು. ಅದೇ ಊರಿಗೆ 1864ರಲ್ಲಿ ರೈಲು ಬಂತು, 1905ರಲ್ಲಿ ವಿದ್ಯುತ್ ದೀಪ ಬಂತು. ಒಂದೇ ಊರನ್ನು ಹಿಡಿದು ದಾರದ ಉದ್ದಕ್ಕೂ ನಡೆಯಬಹುದು.

ಇನ್ನು ಮೂರನೆಯ ಭಾಗ. ಪ್ರಾಚೀನಕ್ಕೆ ಪ್ರೀತಿ ಸಿಗುತ್ತದೆ, ಸ್ವಾತಂತ್ರ್ಯ ಹೋರಾಟಕ್ಕೆ ಗೌರವ ಸಿಗುತ್ತದೆ. ಎರಡೂ ಸಿಗದೆ ಹೋಗುವುದು ನಡುವಿನ ಕಾಲಕ್ಕೆ. ಹಂಪಿ ಹಾಳಾಯಿತು ಎಂದು ಹೇಳಿ, ಮರುವಾರ ಕಿತ್ತೂರಿನ 1824ರ ಬಂಡಾಯಕ್ಕೆ ಬಂದುಬಿಡುತ್ತೇವೆ. ನಡುವಿನ ಎರಡೂವರೆ ಶತಮಾನ ಎಲ್ಲಿ ಹೋಯಿತು? ಆದಿಲಶಾಹಿಗಳ ವಿಜಯಪುರ, ಕೆಳದಿಯ ನಾಯಕರು, ಚಿತ್ರದುರ್ಗದ ಪಾಳೆಯಗಾರರು, ಚಿಕ್ಕದೇವರಾಜ ಒಡೆಯರ ಮೈಸೂರು, ಕರಾವಳಿಯ ಪೋರ್ಚುಗೀಸರು, ಹೈದರ್ ಮತ್ತು ಟಿಪ್ಪು, ಇವರೆಲ್ಲ ಬಾಳಿದ ಕಾಲ ಅದು.

ಈ ಕಾಲವನ್ನು ಬಿಟ್ಟರೆ ಏನು ನಷ್ಟ? ಅಡುಗೆಮನೆಗೆ ಹೋಗಿ ನೋಡೋಣ. ಒಂದು ದಿನ ಮೊಮ್ಮಗ ಪುಲಕೇಶಿಯ ಊಟದ ಚಿತ್ರ ಬರೆದು ತಟ್ಟೆಯಲ್ಲಿ ಮೆಣಸಿನಕಾಯಿ ಚಟ್ನಿ, ಆಲೂಗೆಡ್ಡೆ ಪಲ್ಯ ಇಟ್ಟಿದ್ದ. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ ಇವೆಲ್ಲ ಅಮೆರಿಕ ಖಂಡಗಳಿಂದ ಬಂದವು, 1498ರಲ್ಲಿ ವಾಸ್ಕೋ ಡ ಗಾಮ ಬಂದ ಮೇಲಿನ ಕಾಲದವು. ಅದಕ್ಕೆ ಮುಂಚೆ ನಮ್ಮ ಖಾರಕ್ಕೆ ಆಧಾರ ಮಲೆನಾಡಿನ ಕಾಳುಮೆಣಸು. ಹೊಸ ಕಾಯಿ ಬಂದಾಗ ಅದಕ್ಕೆ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು. ಆ ಮಾತಿನೊಳಗೇ ಹಳೆಯದು ಹೊಸದು ಎರಡೂ ಕೂತಿವೆ. ಡಬ್ಬಿಗಳನ್ನೆಲ್ಲ ಇಳಿಸಿ ಅಮ್ಮಮ್ಮನೂ ಮಕ್ಕಳೂ ಎರಡು ಸಾಲು ಮಾಡಿದರು, ಪುಲಕೇಶಿಗೆ ಗೊತ್ತಿದ್ದವು ಒಂದು ಕಡೆ, ಗೊತ್ತಿರದಿದ್ದವು ಇನ್ನೊಂದು ಕಡೆ. ನಮ್ಮ ದಿನನಿತ್ಯದ ಬದುಕು ರೂಪುಗೊಂಡದ್ದರಲ್ಲಿ ಆ ನಡುವಿನ ಕಾಲದ ಪಾಲು ಎಷ್ಟು ದೊಡ್ಡದು ಎಂಬುದು ಆ ಎರಡನೆಯ ಸಾಲಿನಲ್ಲಿ ಕಂಡಿತು.

ನಡುವಿನ ಕೊಂಡಿ ತಪ್ಪಿದರೆ ಇನ್ನೂ ದೊಡ್ಡ ನಷ್ಟವಿದೆ. ಇಂದಿನದು ಅರ್ಥವಾಗುವುದಿಲ್ಲ. ಇದನ್ನು ನಮ್ಮ ತಾಲ್ಲೂಕಿನ ಒಂದು ವಸ್ತುವಿನಿಂದಲೇ ತೋರಿಸುತ್ತ ನಾಲ್ಕನೆಯ ಭಾಗಕ್ಕೆ ಹೋಗುತ್ತೇನೆ.

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೊಳಗವಿತ್ತು. ಭತ್ತ ಅಳೆಯುವ ಕೊಳಗ, ಅಂಚಿಗೆ ಕಬ್ಬಿಣದ ಪಟ್ಟಿ ಬಿಗಿದದ್ದು, ಒಳಗೆ ಹಳೆಯ ಹೊಟ್ಟಿನ ವಾಸನೆ. ಮಕ್ಕಳು ಅದನ್ನು ಇಳಿಸಿ ಏನಿದು ಎಂದರು. ನಾನು ಅವರನ್ನು ಬಳ್ಳಿಗಾವಿಗೆ ಕರೆದೊಯ್ದೆ. ಅಲ್ಲಿ ಶಾಸನಗಳ ಮುಂದೆ ನಿಂತು, ಇಂಥ ಕಲ್ಲುಗಳಲ್ಲಿ ಭೂಮಿಯನ್ನು ದಾನ ಕೊಡುವಾಗ ಖಂಡುಗ, ಕೊಳಗ ಎಂಬ ಅಳತೆಗಳು ಬರುತ್ತವೆ, ಇಷ್ಟು ಬೀಜ ಹಿಡಿಯುವ ಗದ್ದೆ ಎಂಬ ಲೆಕ್ಕ ಅದು ಎಂದು ವಿವರಿಸಿದೆ. ಅಟ್ಟದ ಕೊಳಗದ ಹೆಸರು ಎಂಟು ಒಂಬತ್ತು ಶತಮಾನ ಹಿಂದಿನ ಕಲ್ಲಿನ ಮಾತಿನಲ್ಲೂ ಇದೆ ಎಂದಾಗ ಅವರಿಗೆ ಅಚ್ಚರಿ.

ಮುಂದಿನ ವಾರ ಕೆಳದಿಗೆ ಹೋದೆವು, ಇಕ್ಕೇರಿಯ ಅಘೋರೇಶ್ವರನನ್ನು ನೋಡಿದೆವು. ಹದಿನೇಳನೆಯ ಶತಮಾನದ ನಡುವೆ ಆಳಿದ ಶಿವಪ್ಪ ನಾಯಕನ ‘ಶಿಸ್ತು’ ನಮ್ಮ ಸೀಮೆಯಲ್ಲಿ ಗಾದೆಯಂತೆ ಉಳಿದ ಮಾತು. ನೆಲದ ಗುಣ, ಇಳುವರಿ ನೋಡಿ ಕಂದಾಯ ಗೊತ್ತುಪಡಿಸಿದ ಏರ್ಪಾಡು ಅದು. ದಾನದ ಕಲ್ಲಿನಲ್ಲಿದ್ದ ಅಳತೆ ಇಲ್ಲಿ ಕಂದಾಯದ ಲೆಕ್ಕಕ್ಕೆ ಬಂತು. ಭೂಮಿ ಯಾರ ಹೆಸರಿನಲ್ಲಿ, ಉಳುಮೆ ಯಾರದು, ಪಾಲು ಎಷ್ಟು ಎಂಬ ಪ್ರಶ್ನೆಗಳು ಮಕ್ಕಳಿಂದಲೇ ಬಂದವು.

ಅಲ್ಲಿಂದ ಕಾಗೋಡು. ನಮ್ಮ ತಾಲ್ಲೂಕಿನದೇ ಹಳ್ಳಿ. 1951ರಲ್ಲಿ ಗೇಣಿದಾರರು ಎಚ್. ಗಣಪತಿಯಪ್ಪನವರ ನಾಯಕತ್ವದಲ್ಲಿ ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ವಿವಾದದ ಮೂಲಗಳಲ್ಲಿ ಒಂದು, ಗೇಣಿ ಅಳೆಯುವ ಕೊಳಗದ ಗಾತ್ರ! ಒಡೆಯರ ಕೊಳಗ ದೊಡ್ಡದಾದರೆ ರೈತನ ಮನೆಯ ಭತ್ತ ಅಷ್ಟು ಕಡಿಮೆ. ಅಟ್ಟದ ಆ ವಸ್ತುವನ್ನು ಮಕ್ಕಳು ಈಗ ಬೇರೆ ಕಣ್ಣಿನಿಂದ ನೋಡಿದರು. ದಾನದ ಕೊಳಗ, ಕಂದಾಯದ ಕೊಳಗ, ಗೇಣಿಯ ಕೊಳಗ. ಶಿಸ್ತಿನ ಕಾಲವನ್ನು ಬಿಟ್ಟು ಬಳ್ಳಿಗಾವಿಯಿಂದ ನೇರ ಕಾಗೋಡಿಗೆ ಜಿಗಿದಿದ್ದರೆ ಈ ನಂಟು ಸಿಗುತ್ತಿರಲಿಲ್ಲ.

ನಮ್ಮ ಕಾಲಕ್ಕೆ ಬಂದಾಗ ಪೋಷಕರಿಗೆ ಒಂದು ಅಳುಕಿದೆ. ಇತ್ತೀಚಿನದು ರಾಜಕೀಯ, ಜಾತಿ, ಆಸ್ತಿಯ ಮಾತು, ಮಕ್ಕಳಿಗೆ ಯಾಕೆ ಎನ್ನುತ್ತಾರೆ. ನಾನು ವಿನಯದಿಂದ ಒಪ್ಪುವುದಿಲ್ಲ. ಹಳೆಯ ಕಾಲದಲ್ಲೂ ಅದೇ ಮಾತುಗಳಿದ್ದವು, ದೂರದಿಂದ ನೋಡುವುದರಿಂದ ಮೊನಚು ಕಾಣುವುದಿಲ್ಲ, ಅಷ್ಟೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. ಇದನ್ನು ಹೇಳದೆ ಅರಮನೆಯ ದೀಪಾಲಂಕಾರವನ್ನಷ್ಟೇ ಹೇಳಿದರೆ ಮಗುವಿಗೆ ಅರ್ಧ ಸತ್ಯ ಕೊಟ್ಟಂತೆ. ಕಲಬುರಗಿ, ರಾಯಚೂರು, ಬೀದರ್ ಕಡೆಯ ಅಜ್ಜಿಯನ್ನು ಕೇಳಿದರೆ 1947ರ ಆಗಸ್ಟ್ 15 ನಿಜಾಮರ ಆಳ್ವಿಕೆಯಲ್ಲೇ ಕಳೆಯಿತು, ಬಿಡುಗಡೆ 1948ರ ಸೆಪ್ಟೆಂಬರ್ 17 ಎನ್ನುತ್ತಾರೆ. ಮೈಸೂರಿನವರು ‘ಮೈಸೂರು ಚಲೋ’ ಚಳವಳಿ ನೆನೆಯುತ್ತಾರೆ. ಶರಾವತಿ ಕೊಳ್ಳದವರು ಲಿಂಗನಮಕ್ಕಿಯ ನೀರಿನಡಿ ಹೋದ ತಮ್ಮ ಊರನ್ನು ಹೇಳುತ್ತಾರೆ. ಈ ಆಕರಗಳು ನಮ್ಮ ಮನೆಗಳಲ್ಲೇ ಇವೆ, ಮತ್ತು ಇವಕ್ಕೆ ವಯಸ್ಸಾಗಿದೆ. ಕಲ್ಲು ಇನ್ನೂ ನೂರು ವರ್ಷ ಕಾಯುತ್ತದೆ. ಅಮ್ಮಮ್ಮ ಅಷ್ಟು ಕಾಲ ಕಾಯಲಾರಳು.

ಈಗ ನಾನು ಅನುಸರಿಸುತ್ತಿರುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ವಾರದಲ್ಲಿ ಚರಿತ್ರೆಗೆ ನಾಲ್ಕು ದಿನ. ಎರಡು ದಿನ ಹಿಂದಿನಿಂದ ಮುಂದಕ್ಕೆ ಬರುತ್ತೇವೆ, ಅಶೋಕನಿಂದ ಕದಂಬರಿಗೆ, ಅಲ್ಲಿಂದ ಚಾಲುಕ್ಯರಿಗೆ. ಒಂದು ದಿನ ಇಂದಿನಿಂದ ಹಿಂದಕ್ಕೆ ಹೋಗುತ್ತೇವೆ, ಅಪ್ಪ ಅಮ್ಮನ ಬಾಲ್ಯದಿಂದ ಅಮ್ಮಮ್ಮನ ಮದುವೆಗೆ, ಅಲ್ಲಿಂದ 1956ಕ್ಕೆ, ಬರಗಾಲಕ್ಕೆ. ನಾಲ್ಕನೆಯ ದಿನ ಒಂದು ವಸ್ತುವಿನದು, ನಾಣ್ಯ, ಮೆಣಸಿನಕಾಯಿ, ಕೊಳಗ, ರೈಲು ಟಿಕೆಟ್, ಯಾವುದಾದರೂ ಸರಿ. ಅದಕ್ಕೆ ಎಷ್ಟು ಚೀಟಿ ಬೇಕೋ ಅಷ್ಟನ್ನು ದಾರಕ್ಕೆ ಕಟ್ಟುತ್ತೇವೆ. ಮಾರ್ಚ್ ಹೊತ್ತಿಗೆ ಎರಡೂ ದಿಕ್ಕಿನ ನಡಿಗೆ ಕೆಳದಿ ವಿಜಯಪುರಗಳ ಕಾಲದಲ್ಲಿ ಸಂಧಿಸುತ್ತದೆ. ಹೀಗೆ ಮಾಡಿದಾಗ ಕಾಲ ಕಡಿಮೆ ಬಿದ್ದರೆ ಎರಡೂ ಕಡೆಯಿಂದ ಸಮನಾಗಿ ಕಡಿಮೆ ಬೀಳುತ್ತದೆ. ಇತ್ತೀಚಿನ ಕಾಲವೊಂದೇ ಪ್ರತಿವರ್ಷ ಬಲಿಯಾಗುವುದಿಲ್ಲ. ನಡುವೆ ಉಳಿದ ಜಾಗ ದಾರದ ಮೇಲೆ ಬರಿದಾಗಿ ಕಾಣುತ್ತಿರುವುದರಿಂದ ಮರುವರ್ಷ ಅಲ್ಲಿಂದಲೇ ಶುರು ಮಾಡುತ್ತೇವೆ.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ಅಮ್ಮಮ್ಮನ ಟ್ರಂಕಿನಿಂದ ಒಂದು ಮಡಿಸಿದ ಕಾಗದ ತಂದಳು. ಅಮ್ಮಮ್ಮನ ತವರಿನವರು ಗೇಣಿದಾರರು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದ ಮೇಲೆ, ಉಳುತ್ತಿದ್ದ ಗದ್ದೆಗಾಗಿ ಅವಳ ಅಪ್ಪ ಡಿಕ್ಲರೇಷನ್ ಹಾಕಿದ್ದರು. ಭೂನ್ಯಾಯ ಮಂಡಳಿಯ ತೀರ್ಮಾನದ ನಂತರ ಬಂದ ಪಹಣಿ ಅದು. ಮಡಿಕೆಗಳಲ್ಲಿ ಹರಿದಿತ್ತು, ಹೆಬ್ಬೆಟ್ಟಿನ ಮಸಿ ಒಂದು ಮೂಲೆಗೆ ಮೆತ್ತಿತ್ತು. “ಅಪ್ಪಯ್ಯನಿಗೆ ಓದಲು ಬರುತ್ತಿರಲಿಲ್ಲ. ಆದರೂ ದಿನಾ ಇದನ್ನು ಬಿಡಿಸಿ ನೋಡುತ್ತಿದ್ದ” ಎಂದಳು ಅಮ್ಮಮ್ಮ.

ಮಗು ಆ ಕಾಗದವನ್ನು ದಾರದ ಕೊನೆಯ ಗೇಣಿಗೆ ಕ್ಲಿಪ್ ಹಾಕಿ ತೂಗುಹಾಕಿತು. ಆಮೇಲೆ ಹಿಂದಕ್ಕೆ ನಡೆಯತೊಡಗಿತು. ಕಾಗೋಡಿನ ಚೀಟಿ ದಾಟಿ, ಶಿಸ್ತಿನ ಚೀಟಿ ದಾಟಿ, ಬಳ್ಳಿಗಾವಿಯ ಚೀಟಿಯ ಹತ್ತಿರ ನಿಂತು ಕೇಳಿತು: “ಅಜ್ಜಾ, ಈ ಕಲ್ಲಿನಲ್ಲಿ ಗದ್ದೆ ಕೊಟ್ಟವರ ಹೆಸರು ಇದೆ. ಆ ಗದ್ದೆ ಉತ್ತವರ ಹೆಸರು ಎಲ್ಲಿದೆ?”

ಅಮೋಘವರ್ಷನನ್ನೂ ಅಮ್ಮಮ್ಮನನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದ ಮಗು ಅದೇ. ಪಹಣಿಯನ್ನು ನೋಡದೆ ಅದು ಕಲ್ಲನ್ನು ಹೀಗೆ ಕೇಳುತ್ತಿರಲಿಲ್ಲ. ಕಲ್ಲನ್ನು ನೋಡದೆ ಪಹಣಿಯ ಬೆಲೆ ಅರಿಯುತ್ತಿರಲಿಲ್ಲ. ನಿಮ್ಮ ಮನೆಗಳಲ್ಲೂ ಒಂದು ದಾರ ಕಟ್ಟಿ, ಎರಡು ತುದಿಗಳಿಂದಲೂ ನಡೆಯಲು ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.